ಹಣೆಬರಹದ ಕಥೆಗಳು ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು



ರಾಮದುರ್ಗ ತಾಲೂಕಿನ ಒಂದು ಗ್ರಾಮದಿಂದ ಓದುಗ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಧಾರವಾಡದಲ್ಲಿ ಓದುತ್ತಿರುವ ಕಿರಿಯವಳು ರಜೆಗೆ ಬಂದಾಗ ಇಂಗ್ಲಿಷ್ ಕಾದಂಬರಿಯೊಂದನ್ನು ತಂದಿದ್ದಾಳೆ. ಮಾಟ ಬಲ್ಲ ಅಕ್ಕತಂಗಿಯರ ಕಥೆ ಅದು. ಹಗಲು ಓದಿದ್ದನ್ನು ರಾತ್ರಿ ಊಟವಾದ ಮೇಲೆ ಅಕ್ಕನಿಗೂ ಅಜ್ಜಿಗೂ ಕನ್ನಡದಲ್ಲಿ ಹೇಳುತ್ತಾಳಂತೆ. ಅಜ್ಜಿ ನಿದ್ದೆಗೆಟ್ಟು ಕೇಳುತ್ತಾಳಂತೆ. ಲಿಂಗಪೂಜೆ ನಡೆಯುವ ಮನೆಯಲ್ಲಿ ಮಾಟಗಾತಿಯರ ಪುಸ್ತಕ ಇರಬಹುದೇ ಎಂಬುದು ತಾಯಿಯವರ ಪ್ರಶ್ನೆ. ಪತ್ರದ ಕೊನೆಯಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಬರೆದ ಇನ್ನೊಂದು ಮಾತಿದೆ. ಹಿರಿಯ ಮಗಳದು ಮೂಲಾ ನಕ್ಷತ್ರ. ಕೂಡಿಬಂದ ಸಂಬಂಧ ಮೂರನೆಯ ಸಲ ಹಿಂದೆ ಹೋಗಿದೆ. ಕಥೆಯೊಳಗಿನ ಅಕ್ಕತಂಗಿಯರು ತಮ್ಮ ಶಾಪವನ್ನು ತಾವೇ ಕಳೆದುಕೊಂಡರಲ್ಲ, ನಮ್ಮ ಮನೆಯಲ್ಲಿ ಏಕೆ ಆಗದು ಎಂದು ಕಿರಿಯವಳು ಕೇಳುತ್ತಿದ್ದಾಳೆ.

ಪುಸ್ತಕದ ವಿಷಯವನ್ನು ಮೊದಲು ಮುಗಿಸೋಣ. ಅದು ಅಮೆರಿಕದ ಲೇಖಕಿ ಆಲಿಸ್ ಹಾಫ್‌ಮನ್ ಅವರ ‘ಪ್ರಾಕ್ಟಿಕಲ್ ಮ್ಯಾಜಿಕ್’. 1995ರಲ್ಲಿ ಪ್ರಕಟವಾಗಿ 1998ರಲ್ಲಿ ಚಲನಚಿತ್ರವೂ ಆಯಿತು. ತಂದೆತಾಯಿಗಳನ್ನು ಕಳೆದುಕೊಂಡ ಸ್ಯಾಲಿ, ಜಿಲಿಯನ್ ಎಂಬ ಸೋದರಿಯರು ಬಂಧುಗಳಾದ ಇಬ್ಬರು ಮುದುಕಿಯರ ಹಳೆಯ ಮನೆಯಲ್ಲಿ ಬೆಳೆಯುತ್ತಾರೆ. ಊರಿನಲ್ಲಿ ಏನು ಕೆಟ್ಟರೂ ಆ ಮನೆಯ ಹೆಂಗಸರ ಮೇಲೆ ದೂರು. ಕತ್ತಲಾದ ಮೇಲೆ ಅದೇ ಊರಿನ ಹೆಂಗಸರು ಮದ್ದು ಬೇಡಿ ಅದೇ ಮನೆಯ ಹಿಂಬಾಗಿಲಿಗೆ ಬರುತ್ತಾರೆ. ಆ ಮನೆತನದ ಹೆಣ್ಣುಮಕ್ಕಳಿಗೆ ಪ್ರೀತಿ ಕೂಡಿಬಾರದೆಂಬ ವಂಶಶಾಪವಿದೆ. ಅದರ ಮೂಲವನ್ನೂ ಅಂತ್ಯವನ್ನೂ ಲೇಖಕಿ 2021ರವರೆಗೆ ಬರೆದ ಮುಂದಿನ ಪುಸ್ತಕಗಳಲ್ಲಿ ಹೇಳಿದ್ದಾರೆ. ಕಥೆ ನಡೆಯುವ ಮ್ಯಾಸಚೂಸೆಟ್ಸ್ ಸೀಮೆಯ ಸೇಲಂ ಎಂಬಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದ್ದರು. ಅವರಲ್ಲಿ ಹೆಂಗಸರೇ ಹೆಚ್ಚು. ಅಂಥ ಹೆಸರು ಹೊತ್ತ ಹೆಂಗಸರನ್ನು ಅಡುಗೆಮನೆಯಲ್ಲಿ ನಗುತ್ತ ಮಾತನಾಡುವ ಮನುಷ್ಯರನ್ನಾಗಿ ತೋರಿಸುವ ಪುಸ್ತಕವನ್ನು ಮನೆಯಿಂದ ಹೊರಗಿಡುವ ಕಾರಣ ನನಗೆ ಕಾಣದು. ಗಂಡುಹೆಣ್ಣಿನ ಪ್ರಣಯದ ವರ್ಣನೆ ಅಲ್ಲಲ್ಲಿ ಉಂಟು. ಕಾಲೇಜು ಮೆಟ್ಟಿಲೇರಿದ ಮಗಳಿಗೆ ಅದನ್ನು ದಾಟಿ ಓದುವ ವಿವೇಕ ಇರುತ್ತದೆ. ಇಷ್ಟು ಸಾಕು. ತಾಯಿಯವರು ಅಂಚಿನಲ್ಲಿ ಬರೆದ ಮಾತೇ ನನಗೆ ದೊಡ್ಡದಾಗಿ ಕಂಡಿದೆ.

ವಿಧಿಯನ್ನು ಹೆಣ್ಣಾಗಿ, ಅದರಲ್ಲಿಯೂ ಅಕ್ಕತಂಗಿಯರಾಗಿ ಕಂಡ ಜನಾಂಗಗಳು ಹಲವು. ಪ್ರಾಚೀನ ಗ್ರೀಕರಿಗೆ ವಿಧಿಯೆಂದರೆ ಮೂವರು ಸೋದರಿಯರು. ಕ್ಲೋಥೋ ಆಯುಷ್ಯದ ನೂಲನ್ನು ನೂಲುತ್ತಾಳೆ, ಲಾಕೆಸಿಸ್ ಅಳೆಯುತ್ತಾಳೆ, ಅಟ್ರೋಪೋಸ್ ಕತ್ತರಿಸುತ್ತಾಳೆ. ಯುರೋಪಿನ ಉತ್ತರ ತುದಿಯ ಜನರ ಪುರಾಣದಲ್ಲಿಯೂ ಮೂವರೇ. ಅವರು ಜಗದ್ವೃಕ್ಷದ ಬುಡದ ಬಾವಿಯ ಬಳಿಯಲ್ಲಿದ್ದು ಮನುಷ್ಯರ ಪಾಲನ್ನು ನಿರ್ಣಯಿಸುತ್ತಾರೆ, ದಿನವೂ ಆ ಮರಕ್ಕೆ ನೀರೆರೆಯುತ್ತಾರೆ.

ನಮ್ಮ ಸೀಮೆಯಲ್ಲಿ ಈ ಕೆಲಸ ಸೆಟವಿತಾಯಿಯದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಿರಿಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೂಸು ಹುಟ್ಟಿದ ಐದನೆಯ ದಿನ ರಾತ್ರಿ ಸೆಟವಿ ಬಂದು ಹಣೆಯ ಮೇಲೆ ಬರೆದು ಹೋಗುತ್ತಾಳೆ ಎಂಬ ನಂಬಿಕೆಯಿಂದ ಬಾಣಂತಿಯ ಕೋಣೆಯಲ್ಲಿ ದೀಪ ಆರದಂತೆ ಕಾಯುತ್ತಾರೆ. ಕೆಲವರು ತೊಟ್ಟಿಲ ಬಳಿ ಹಾಳೆ ಮತ್ತು ಲೇಖಣಿಯನ್ನೂ ಇಡುತ್ತಾರೆ. ನೆರೆಯ ಮಹಾರಾಷ್ಟ್ರದಲ್ಲಿ ಇದೇ ತಾಯಿಗೆ ಸಟವಾಯಿ ಎನ್ನುತ್ತಾರೆ. ಬರೆದದ್ದನ್ನು ಆಕೆಯೂ ಅಳಿಸಲಾರಳು ಎಂಬುದು ಜನರ ಮಾತು.

ಒಂದು ಸಂಗತಿಯನ್ನು ನಾವು ಗಮನಿಸುವುದೇ ಇಲ್ಲ. ಅದೇ ತೊಟ್ಟಿಲಿನ ಕೂಸಿಗೆ ನಮ್ಮಲ್ಲಿ ಲಿಂಗಧಾರಣೆಯೂ ಆಗುತ್ತದೆ. ಗುರುವು ಲಿಂಗ ಕಟ್ಟಿದ ದೇಹಕ್ಕೆ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳಿಲ್ಲವೆಂಬುದು ನಮ್ಮ ಸಿದ್ಧಾಂತ. ಸೂತಕವೇ ಇಲ್ಲದ ಕೂಸಿಗೆ ನಕ್ಷತ್ರದ ದೋಷ ಎಲ್ಲಿಂದ ಬಂತು? ಲಿಂಗವನ್ನೂ ಕಟ್ಟಿ, ಸೆಟವಿಗೆ ಲೇಖಣಿಯನ್ನೂ ಇಟ್ಟು, ಮರುದಿನ ಜಾತಕವನ್ನೂ ಬರೆಯಿಸುವ ಮನೆಗಳು ನಮ್ಮಲ್ಲಿ ಅನೇಕ. ಅಜ್ಜಿಯ ದೀಪದ ಬಗ್ಗೆ ನನಗೆ ತಕರಾರಿಲ್ಲ. ಬಾಣಂತಿಯ ಬಳಿ ರಾತ್ರಿಯಿಡೀ ಎಚ್ಚರವಾಗಿರಲು ಅದು ಹಿಂದಿನ ಕಾಲದವರಿಗೆ ಒಂದು ನೆಪವಾಗಿತ್ತು. ಎಳೆಯ ಕೂಸುಗಳು ಮೊದಲ ವಾರದಲ್ಲಿಯೇ ತೀರಿಹೋಗುತ್ತಿದ್ದ ಕಾಲವದು. ದೀಪ ಕಾಯುವವರಿಂದ ಮಗುವಿಗೆ ಕೇಡಾಗುವುದಿಲ್ಲ. ಕಾಗದದಲ್ಲಿ ಬರೆದು, ಇಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿಟ್ಟು, ಮದುವೆಯ ಹೊತ್ತಿಗೆ ಹೊರತೆಗೆಯುವ ಜಾತಕದ ವಿಷಯ ಹಾಗಲ್ಲ.

ಲಗ್ನ, ತಿಥಿ, ತಾರಾಬಲಗಳ ವಿಚಾರದಲ್ಲಿ ಬಸವಣ್ಣನವರ ನಿಲುವು ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಶರಣರೆಲ್ಲ ಕೂಡಿ ಒಪ್ಪಿದ ದಿನವೇ ಶುಭದಿನವೆಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ. ಅವರ ಬಾಲ್ಯದ ಪ್ರಸಂಗವಾಗಿ ಪರಂಪರೆ ಹೇಳುವುದನ್ನು ನೆನೆಯಿರಿ. ಉಪನಯನಕ್ಕೆ ಸಿದ್ಧತೆ ನಡೆದಾಗ ಆ ಬಾಲಕ ಕೇಳಿದ್ದು ಅಕ್ಕ ನಾಗಮ್ಮನ ವಿಷಯವಾಗಿ. ಹಿರಿಯಳಾದ ಆಕೆಗಿಲ್ಲದ ಸಂಸ್ಕಾರ ತನಗೇಕೆ ಎಂಬ ಪ್ರಶ್ನೆ. ಹೆಣ್ಣಾಗಿ ಹುಟ್ಟಿದ್ದು ಆಕೆಯ ಹಣೆಬರಹ ಎಂದು ಮನೆಯವರು ಉತ್ತರಿಸಿದ್ದರೆ ಆಶ್ಚರ್ಯವಿಲ್ಲ. ಆ ಉತ್ತರದಿಂದ ತೃಪ್ತನಾಗದ ತಮ್ಮನು ಮನೆಯನ್ನೇ ಬಿಟ್ಟು ಹೊರಟನು.

ಗ್ರೀಕರ ವಿಧಿಸೋದರಿಯರು ನೂಲುತ್ತಾರೆಂದೆನಷ್ಟೆ. ಹನ್ನೆರಡನೆಯ ಶತಮಾನದ ನಮ್ಮ ಶರಣೆಯರಲ್ಲಿಯೂ ನೂಲುವವಳೊಬ್ಬಳಿದ್ದಳು, ಕದಿರ ರೆಮ್ಮವ್ವೆ. ರಾಟೆಯೂ ಕದಿರೂ ಅವಳ ವಚನದಲ್ಲಿ ಅನುಭಾವದ ಸಾಧನಗಳಾಗಿವೆ. ಬೈಲಹೊಂಗಲದ ಪೇಟೆಯ ಹತ್ತಿಯನ್ನೂ ರಾಮದುರ್ಗದ ಮಗ್ಗಗಳನ್ನೂ ನೋಡಿ ಬೆಳೆದ ನಮಗೆ ಆಕೆಯ ಮಾತು ತಿಳಿಯಲು ಟೀಕೆ ಬೇಡ. ಆಕೆ ನೂತದ್ದು ತನ್ನ ಕಾಯಕದ ನೂಲು, ತನ್ನ ಕೈಯಿಂದ. ಅದನ್ನು ಅಳೆಯಲು, ಕತ್ತರಿಸಲು ಮೇಲೆ ಕುಳಿತ ಬೇರೆ ಯಾರೂ ಇರಲಿಲ್ಲ.

ಇನ್ನು ಅಜ್ಜಿಯ ಕಥೆಗಳಿಗೆ ಬರುತ್ತೇನೆ. ಮೊಮ್ಮಗಳು ಓದಿ ಹೇಳುವ ಕಥೆಯನ್ನು ಆ ಅಜ್ಜಿ ನಿದ್ದೆಗೆಟ್ಟು ಕೇಳಿದ್ದಕ್ಕೆ ಕಾರಣವಿದೆ. ಅಂಥ ಕಥೆ ಆಕೆಗೆ ಹೊಸದಲ್ಲ.

ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಬರೆದಿಟ್ಟ ಪುಣ್ಯಪುರುಷರು. ಅವರ ಹೆಸರಿನಲ್ಲಿ ಕೆ.ಎಲ್.ಇ. ಸಂಸ್ಥೆ ಬೆಳಗಾವಿಯಲ್ಲಿ 1933ರಲ್ಲಿ ಸ್ಥಾಪಿಸಿದ ಲಿಂಗರಾಜ ಕಾಲೇಜಿನಲ್ಲಿ 1950ರ ದಶಕದಲ್ಲಿ ಇಂಗ್ಲಿಷ್ ಕಲಿಸಲು ಬಂದ ಮೈಸೂರಿನ ತರುಣರೊಬ್ಬರಿದ್ದರು. ಅವರೇ ಎ.ಕೆ. ರಾಮಾನುಜನ್. ಮುಂದೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದುಕೊಂಡು 1973ರಲ್ಲಿ ನಮ್ಮ ಶರಣರ ವಚನಗಳನ್ನು ಇಂಗ್ಲಿಷಿನಲ್ಲಿ ಲೋಕಕ್ಕೆ ತಲುಪಿಸಿದವರು. ವಚನಾನುವಾದಕ್ಕಾಗಿ ಅವರನ್ನು ನೆನೆಯುವ ನಾವು ಅವರ ಇನ್ನೊಂದು ಕೆಲಸವನ್ನು ಮರೆಯುತ್ತೇವೆ. ಬೆಳಗಾವಿಯ ದಿನಗಳಲ್ಲಿ ಅವರು ಸುತ್ತಲಿನ ಊರುಗಳ ಹೆಣ್ಣುಮಕ್ಕಳ ಬಾಯಿಂದ ಕಥೆಗಳನ್ನು ಕೇಳಿ ಬರೆದುಕೊಂಡರು. 1955ರಲ್ಲಿ ಕಿತ್ತೂರಿನಲ್ಲಿ ಕೇಳಿದ ‘ಹಂಚಿ’ಯ ಕಥೆ ಅವುಗಳಲ್ಲಿ ಒಂದು.

ಚಿನ್ನದ ಕೂದಲಿನ ಹುಡುಗಿ. ಅವಳ ಚೆಲುವೇ ಅವಳಿಗೆ ಮುಳುವಾಗುವ ಸೂಚನೆ ಕಂಡ ತಾಯಿ ಕುಂಬಾರನಿಂದ ಮಣ್ಣಿನ ಮುಖವಾಡ ಮಾಡಿಸಿ, ತೊಡಿಸಿ, ಬುತ್ತಿ ಕಟ್ಟಿ ಊರು ಬಿಡಿಸುತ್ತಾಳೆ. ಹಂಚಿಯೆಂಬ ಹೆಸರಿನಿಂದ ಸಾವಕಾರನ ಮನೆಯಲ್ಲಿ ಅಡುಗೆಗೆ ನಿಂತ ಹುಡುಗಿಯ ಕೈರುಚಿ ಮನೆಮಾತಾಗುತ್ತದೆ, ಮುಖ ಮಾತ್ರ ಯಾರಿಗೂ ಕಾಣದು. ಒಮ್ಮೆ ಮುಖವಾಡ ತೆಗೆದು ಸ್ನಾನ ಮಾಡುವಾಗ ಆ ಮನೆಯ ಕಿರಿಮಗ ಕಾಣುತ್ತಾನೆ, ಮದುವೆಯಾಗುತ್ತದೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮನೆಗೆ ಬಂದುಹೋಗುವ ಗುರುಸ್ವಾಮಿಯೊಬ್ಬ ಅವಳ ಮೇಲೆ ಕಣ್ಣಿಟ್ಟು, ಮಂತ್ರಿಸಿದ ಹಣ್ಣು ಕಳಿಸಿ, ಅದು ಸಾಗದಾಗ ಅಪವಾದ ಹೊರಿಸುತ್ತಾನೆ. ಕೊನೆಗೆ ಅವಳಿದ್ದಾಳೆಂದು ಆಸೆಯಿಂದ ಅವನು ತೆರೆದ ಪೆಟ್ಟಿಗೆಯಲ್ಲಿ ಇದ್ದದ್ದು ಹುಚ್ಚುನಾಯಿ! ಕಾವಿಯುಟ್ಟವರನ್ನೂ ಬಿಡದೆ ಹೀಗೆ ಹೇಳುವ ಧೈರ್ಯ ನಮ್ಮ ಅಜ್ಜಿಯರಿಗಿತ್ತು. ಈ ಪುಟಗಳಲ್ಲಿ ಅಷ್ಟು ಧೈರ್ಯ ಅಪರೂಪ.

ಅಕ್ಕತಂಗಿಯರ ಕಥೆ ಬೇರೊಂದಿದೆ. ರಾಮಾನುಜನ್ನರು ಅದನ್ನು ಕರ್ನಾಟಕದ ಬೇರೆ ಬೇರೆ ಕಡೆಗಳಲ್ಲಿ, ಹಲವು ಪಾಠಗಳಲ್ಲಿ ಸಂಗ್ರಹಿಸಿದರು. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಎಂಬ ಚಿತ್ರ ಮಾಡಿದ್ದು ಈ ಕಥೆಯಿಂದ. ರಾಮಾನುಜನ್ನರು 1993ರಲ್ಲಿ ತೀರಿಕೊಂಡ ನಂತರ, 1997ರಲ್ಲಿ ಹೊರಬಂದ ಅವರ ಕನ್ನಡ ಜನಪದ ಕಥೆಗಳ ಸಂಗ್ರಹಕ್ಕೆ ಹೆಸರು ಕೊಟ್ಟದ್ದೂ ಈ ಕಥೆಯೇ. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆ್ಯಡಮ್ಸ್ ಇದನ್ನು ಸಂಗೀತನಾಟಕವಾಗಿಸಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಆಡಿಸಿದರು. ಕನ್ನಡದ ಅಡುಗೆಮನೆಯ ಕಥೆ ಅಲ್ಲಿಯವರೆಗೆ ಹೋಯಿತು.

ಕೂಲಿ ಮಾಡಿ ಬದುಕುವ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಅಕ್ಕನಿಗೆ ತನ್ನ ಗುಟ್ಟು ಹೇಳುತ್ತಾಳೆ. ಉಗುರು ತಾಗದಂತೆ ಎರಡು ಕೊಡ ನೀರು ತರಬೇಕು. ತಾನು ಧ್ಯಾನಿಸುತ್ತ ಕುಳಿತಾಗ ಒಂದು ಕೊಡ ಸುರಿದರೆ ತಾನು ಹೂವಿನ ಗಿಡವಾಗುವೆ. ಒಂದು ಎಲೆಯೂ ಹರಿಯದಂತೆ, ಒಂದು ಟೊಂಗೆಯೂ ಮುರಿಯದಂತೆ ಬೇಕಾದಷ್ಟು ಹೂ ಬಿಡಿಸಿಕೊಳ್ಳಬೇಕು. ಆಮೇಲೆ ಎರಡನೆಯ ಕೊಡ ಸುರಿದರೆ ಮತ್ತೆ ಮನುಷ್ಯಳಾಗುವೆ. ಅಕ್ಕ ಹಾಗೆಯೇ ಮಾಡುತ್ತಾಳೆ. ಇಬ್ಬರೂ ಮಾಲೆ ಕಟ್ಟಿ ಮಾರಿ ಬಂದ ಹಣ ಕೂಡಿಡುತ್ತಾರೆ. ಆ ಹೂವಿನ ಪರಿಮಳ ಅರಮನೆಗೆ ತಲುಪಿ ರಾಜಕುಮಾರನು ಕಿರಿಯವಳನ್ನು ಮದುವೆಯಾಗುತ್ತಾನೆ.

ಗಂಡನ ಮನೆಯಲ್ಲಿ ನಾದಿನಿಗೆ ಈ ಸೋಜಿಗ ತಿಳಿಯುತ್ತದೆ. ಗೆಳತಿಯರ ಮುಂದೆ ಮೆರೆಯಲು ಅತ್ತಿಗೆಯನ್ನು ತೋಟಕ್ಕೆ ಕರೆದೊಯ್ದು ಕಾಡಿಸಿ ಒಪ್ಪಿಸುತ್ತಾಳೆ. ಅತ್ತಿಗೆ ಎಲ್ಲವನ್ನೂ ತಿಳಿಸಿಹೇಳಿಯೇ ಗಿಡವಾಗುತ್ತಾಳೆ. ಅವರು ಅವಸರದಲ್ಲಿ ನೀರು ಚೆಲ್ಲಿ, ಕೈಗೆ ಬಂದಂತೆ ಟೊಂಗೆ ಮುರಿದು, ಹೂ ಬಾಚಿಕೊಂಡು, ಎರಡನೆಯ ಕೊಡವನ್ನು ಹೇಗೋ ಸುರಿದು ಓಡಿಹೋಗುತ್ತಾರೆ. ಸರಿಯಾಗಿ ಎರೆಯದ ನೀರಿನಿಂದ ಹುಡುಗಿ ಅತ್ತ ಗಿಡವೂ ಅಲ್ಲ, ಇತ್ತ ಹೆಣ್ಣೂ ಅಲ್ಲ ಎಂಬಂತಾಗಿ, ಕೈಕಾಲಿಲ್ಲದ ಮುದ್ದೆಯಾಗಿ ಚರಂಡಿಗೆ ಬೀಳುತ್ತಾಳೆ. ಅವಳ ನರಳಿಕೆ ಕೇಳಿ ಎತ್ತಿಕೊಂಡವರು ಹತ್ತಿಯ ಗಾಡಿ ಹೊಡೆಯುವವರು. ಅವರು ಅವಳನ್ನು ಸೇರಿಸಿದ ಊರು ರಾಜಕುಮಾರನ ಇನ್ನೊಬ್ಬ ಸೋದರಿಯನ್ನು ಕೊಟ್ಟ ಊರು. ಹೆಂಡತಿಯನ್ನು ಹುಡುಕುತ್ತ ಬೈರಾಗಿಯಂತಾದ ಗಂಡ ಅಲ್ಲಿಗೇ ಬರುತ್ತಾನೆ. ಗುರುತು ಹತ್ತಿದ ಮೇಲೆ ಅವಳು ಹೇಳಿದಂತೆ ಒಂದು ಕೊಡ ಸುರಿದು, ಮುರಿದ ಟೊಂಗೆಗಳನ್ನು ಒಂದೊಂದಾಗಿ ಕೂಡಿಸಿ ಕಟ್ಟಿ, ಎರಡನೆಯ ಕೊಡ ಸುರಿಯುತ್ತಾನೆ.

ಹೂವಾಗುವ ಶಕ್ತಿ ಹುಡುಗಿಯದೇ ಹೌದು. ಆದರೆ ಕೊಡ ಎತ್ತಲು ಅವಳಿಗೆ ಕೈಯಿಲ್ಲ. ಗಿಡವಾದವಳು ಮತ್ತೊಬ್ಬರ ಕೈಯನ್ನೇ ನಂಬಬೇಕು. ಅಕ್ಕ ಸುರಿದಾಗ ಮನೆಗೆ ಅನ್ನವಾಯಿತು, ನಾದಿನಿ ಸುರಿದಾಗ ಅಂಗಹೀನತೆಯಾಯಿತು. ಈ ಕಥೆಯಲ್ಲಿ ಸೆಟವಿ ಎಲ್ಲಿಯೂ ಬರುವುದಿಲ್ಲ, ಬರುವ ಅಗತ್ಯವೂ ಇಲ್ಲ. ತೋಟದಲ್ಲಿ ನಡೆದದ್ದನ್ನು ಊರವರು ಕೇಳಿದ್ದರೆ ಬಹುಶಃ ಹುಡುಗಿಯ ಹಣೆಬರಹ ಎಂದೇ ಅನ್ನುತ್ತಿದ್ದರು, ನಾದಿನಿಯೂ ಒಪ್ಪುತ್ತಿದ್ದಳು.

ಈಗ ಮೂಲಾ ನಕ್ಷತ್ರ. ಆ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಕೇಡು ಎಂಬ ಹೇಳಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ಆಶ್ಲೇಷಾ ಆದರೆ ಅತ್ತೆಗೆ ಎನ್ನುತ್ತಾರೆ. ತಾಯಿಯವರು ಒಂದು ಸಣ್ಣ ಲೆಕ್ಕ ಮಾಡಲಿ. ನಕ್ಷತ್ರಗಳು 27, ಚಂದ್ರನು ಒಂದೊಂದರಲ್ಲಿ ಸುಮಾರು ಒಂದು ದಿನ ಇರುತ್ತಾನೆ. ಹಾಗಾದರೆ ಹುಟ್ಟಿದವರಲ್ಲಿ ಹೆಚ್ಚುಕಡಿಮೆ 27ಕ್ಕೆ ಒಬ್ಬರು ಮೂಲಾ ನಕ್ಷತ್ರದವರೇ. ನಿಮ್ಮ ಊರಿನಲ್ಲಿಯೇ ಎಷ್ಟು ಸೊಸೆಯಂದಿರಾಗುತ್ತಾರೆ ನೋಡಿರಿ. ಜಾತಕ ಬರೆಯಿಸದ ಹಳೆಯ ಕಾಲದಲ್ಲಿ ಅವರ ಮಾವಂದಿರು ತಮ್ಮ ಆಯುಷ್ಯವನ್ನು ಎಲ್ಲರಂತೆಯೇ ಬಾಳಿ ಹೋಗಿದ್ದಾರೆ. ಜ್ಯೋತಿಷಿಗಳಲ್ಲಿಯೇ ಒಮ್ಮತವಿಲ್ಲ, ದೋಷವೇನಿದ್ದರೂ ಮೊದಲನೆಯ ಪಾದಕ್ಕೆ ಮಾತ್ರ ಎನ್ನುವವರಿದ್ದಾರೆ. ಇದನ್ನು ಹೇಳುವುದು ನಿಮ್ಮ ಮಗಳ ಪಾದವನ್ನು ಮತ್ತೆ ಎಣಿಸಿರೆಂದಲ್ಲ. ಎಣಿಸುತ್ತ ಹೋದರೆ ಇನ್ನೊಂದು ದೋಷ ಸಿಕ್ಕೇ ಸಿಗುತ್ತದೆ.

ಮುಂದಿನ ಬೀಗರಿಗೆ ಜಾತಕ ಕೊಡಬೇಡಿರಿ. ಬಚ್ಚಿಡುವುದು ಬೇಡ, ನಾವು ಲಿಂಗವಂತರು, ಜಾತಕ ನೋಡುವುದಿಲ್ಲ ಎಂದು ಮೊದಲ ಮಾತಿನಲ್ಲಿಯೇ ಹೇಳಿರಿ. ಇಷ್ಟಕ್ಕೇ ಹಿಂದೆ ಸರಿಯುವ ಮನೆಯಾದರೆ ಸರಿಯಲಿ. ಮದುವೆಯಾದ ಮರುವರ್ಷ ಮಾವನಿಗೆ ಒಂದು ಜ್ವರ ಬಂದರೂ ನಿಮ್ಮ ಮಗಳ ಕಡೆಗೆ ಬೆರಳು ತೋರಿಸುವ ಮನೆ ಅದಾಗಿರುತ್ತಿತ್ತು. ಮುಹೂರ್ತ ನೋಡದೆ ವಚನಗಳ ಸಾಕ್ಷಿಯಲ್ಲಿ ಮದುವೆ ನಡೆಸಿಕೊಡುವ ಮಠಗಳು ಉತ್ತರ ಕರ್ನಾಟಕದಲ್ಲಿವೆ. ಅದರೊಂದಿಗೆ ಒಂದು ಕಹಿಮಾತನ್ನೂ ಹೇಳಬೇಕು. ವೇದಿಕೆಯಲ್ಲಿ ವಚನ ಹೇಳಿ ಇಳಿದು, ಅಂಗಳದಲ್ಲಿ ಪಂಚಾಂಗ ಬಿಚ್ಚುವವರೂ ನಮ್ಮವರೇ. ಅವರು ಬಿಚ್ಚುವುದು ನಾವು ಕೇಳುತ್ತೇವಾದ್ದರಿಂದ.

ಜಾತಕದ ದೋಷ ನಮ್ಮಂಥ ಮನೆಗಳಲ್ಲಿ ಮದುವೆಯನ್ನು ತಡೆಯುತ್ತದೆ. ನಮಗಿಂತ ಬಡವರ ಮನೆಗಳಲ್ಲಿ ಹಣೆಬರಹದ ಮಾತು ಏನೇನು ಮಾಡಿದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ; ಸವದತ್ತಿಯ ಗುಡ್ಡ ನಮ್ಮ ಕಣ್ಣೆದುರಿಗಿದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋದ ನೆನಪುಗಳು ನಮ್ಮ ಅನೇಕ ಮನೆತನಗಳಲ್ಲಿವೆ. ಎಲ್ಲಮ್ಮನ ಮೇಲಿನ ಜನರ ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ಎಣ್ಣೆ ಕಾಣದ, ಬಾಚದ ಕೂದಲು ಗಂಟುಗಟ್ಟಿದರೆ ಜಡೆ ಬಂತು, ದೇವಿ ಕರೆದಳು ಎಂದು ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುತ್ತಿದ್ದರು. ಮನೆಯಲ್ಲಿ ಗಂಡುಮಕ್ಕಳಿಲ್ಲವೆಂದು, ರೋಗ ಬಂತೆಂದು ಹೊತ್ತ ಹರಕೆಗೆ ಅಕ್ಕತಂಗಿಯರಲ್ಲಿ ಒಬ್ಬಳನ್ನು ಬಿಟ್ಟುಕೊಡುತ್ತಿದ್ದರು. 1934ರಲ್ಲಿ ಮುಂಬಯಿ ಪ್ರಾಂತದ ಸರ್ಕಾರ ಕಾನೂನು ಮಾಡಿತು. 1982ರಲ್ಲಿ ಕರ್ನಾಟಕ ವಿಧಾನಮಂಡಲ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನ ತಂದಿತು. ಜಡೆಯನ್ನು ಕತ್ತರಿಸಿ ತಲೆಗೆ ನೀರು ಹಾಕಿದ ಮೇಲೆ ಯಾವ ಕೇಡೂ ಆಗದ್ದನ್ನು ಕಂಡು ಧೈರ್ಯ ತಂದುಕೊಂಡ ಹೆಂಗಸರೇ ಮುಂದೆ ಇತರರ ಮನೆಗೆ ಹೋಗಿ ತಿಳಿಹೇಳಿದರು. ಆ ಕರೆ ಬಹುಪಾಲು ದಲಿತರ, ಭೂಮಿಯಿಲ್ಲದವರ ಗುಡಿಸಲುಗಳಿಗೇ ಏಕೆ ಬರುತ್ತಿತ್ತು, ಗೌಡರ, ದೇಸಾಯರ ವಾಡೆಗಳಿಗೆ ಏಕೆ ಬರುತ್ತಿರಲಿಲ್ಲ ಎಂಬುದನ್ನು ಅನುಕೂಲವಂತರಾದ ನಾವು ಕೇಳಿಕೊಂಡದ್ದು ಕಡಿಮೆ.

ಕಿತ್ತೂರಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ನಡುವೆ ಶರಣೆ ಗಂಗಾಂಬಿಕೆಯವರ ಐಕ್ಯಸ್ಥಳವಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಅಕ್ಕ ನಾಗಮ್ಮ, ಚೆನ್ನಬಸವಣ್ಣ ಮೊದಲಾದವರು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯತ್ತ ನಡೆದದ್ದು ಈ ಸೀಮೆಯ ಮೂಲಕವೇ ಎಂದು ಪರಂಪರೆ ಹೇಳುತ್ತದೆ. ರಜೆ ಮುಗಿಯುವುದರೊಳಗೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಿಬನ್ನಿರಿ. ಹೊಳೆ ತುಂಬಿರದ ದಿನ ನೋಡಿಕೊಂಡು ಹೊರಡಿರಿ. ಬೇರೆ ಯಾವ ದಿನಶುದ್ಧಿಯೂ ಬೇಡ.

ಇನ್ನೊಂದು ಕೋರಿಕೆ ಕಿರಿಯ ಮಗಳಿಗೆ. ನೀನು ಇಂಗ್ಲಿಷ್ ಕಥೆಯನ್ನು ಅಜ್ಜಿಗೆ ಹೇಳಿದ್ದಾಯಿತು, ಇನ್ನು ಅಜ್ಜಿಯಿಂದ ಹೂವಿನ ಗಿಡದ ಕಥೆ ಹೇಳಿಸಿಕೋ. ಈ ಕಥೆ ಊರಿಂದೂರಿಗೆ ಬದಲಾಗುತ್ತದೆ. ರಾಮದುರ್ಗದ ಪಾಠದಲ್ಲಿ ಎರಡನೆಯ ಕೊಡವನ್ನು ಕೊನೆಗೆ ಗಂಡ ಸುರಿಯುತ್ತಾನೋ, ಅಕ್ಕನೇ ಬಂದು ಸುರಿಯುತ್ತಾಳೋ ತಿಳಿಯುವ ಕುತೂಹಲ ನನಗಿದೆ. ಅಜ್ಜಿಯ ಮಾತನ್ನು ತಿದ್ದದೆ, ಆಕೆ ಹೇಳಿದಂತೆಯೇ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸು. ಬೈಲಹೊಂಗಲ, ಕಿತ್ತೂರು, ಸವದತ್ತಿಯ ಓದುಗರೂ ತಮ್ಮ ಮನೆಯ ಹಿರಿಯರಿಂದ ಕೇಳಿದ್ದನ್ನು ಕಳಿಸಬಹುದು. ಕಾಗದದ ಒಂದೇ ಮಗ್ಗುಲಿಗೆ ಬರೆದಿದ್ದರೆ ಅಚ್ಚಿಗೆ ಅನುಕೂಲ.